ಕೇಳಿದರೂ ಸಿಗದ ಲೆಕ್ಕ: ‘ದಿ ಗ್ರೇಟ್ ಹ್ಯಾಕ್’ ಮತ್ತು ಖಾಸಗಿತನದ ಮೀಮಾಂಸೆ

ವಿಷಯ

2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಗ್ರೇಟ್ ಹ್ಯಾಕ್’ ಸಾಕ್ಷ್ಯಚಿತ್ರವನ್ನು ಹೆಚ್ಚಿನವರು ಚುನಾವಣೆಯ ಕಥೆಯಾಗಿ ನೋಡಿದ್ದಾರೆ. ಕರೀಮ್ ಆಮೆರ್ ಮತ್ತು ಜೆಹಾನ್ ನೌಜೈಮ್ ನಿರ್ದೇಶಿಸಿದ ಈ ಚಿತ್ರದಲ್ಲಿ ಟ್ರಂಪ್ ಗೆಲುವಿದೆ, ಬ್ರೆಕ್ಸಿಟ್ ಇದೆ, ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಏಳುಬೀಳು ಇದೆ. ಆ ಸಂಸ್ಥೆಯ ಒಳಗಿದ್ದು ಹೊರಬಂದ ಬ್ರಿಟನಿ ಕೈಸರ್ ಅವರ ಮುಖವನ್ನು ಕ್ಯಾಮೆರಾ ಬಹಳ ಹೊತ್ತು ಹಿಡಿದಿಡುತ್ತದೆ. ನನಗೆ ಚಿತ್ರದ ತಿರುಳು ಇವೆಲ್ಲಕ್ಕಿಂತ ಸಣ್ಣದಾಗಿ ಕಾಣುವ ಇನ್ನೊಂದು ಎಳೆಯಲ್ಲಿದೆ. ನ್ಯೂಯಾರ್ಕಿನ ಪಾರ್ಸನ್ಸ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಪಾಠ ಹೇಳುವ ಡೇವಿಡ್ ಕ್ಯಾರೊಲ್ ಎಂಬ ಪ್ರಾಧ್ಯಾಪಕರು ಆ ಸಂಸ್ಥೆಯನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ, ತೋರಿಸಿ.

ಕ್ಯಾರೊಲ್ ಅಮೆರಿಕದವರು. ಆದರೆ ಅಮೆರಿಕದ ಮತದಾರರ ಮಾಹಿತಿಯನ್ನು ಕೇಂಬ್ರಿಜ್ ಅನಲಿಟಿಕಾದ ಮಾತೃಸಂಸ್ಥೆ ಎಸ್‌ಸಿಎಲ್ ಬ್ರಿಟನ್ನಿನಲ್ಲಿ ಇಟ್ಟು ಸಂಸ್ಕರಿಸುತ್ತಿದ್ದ ಕಾರಣ ಆ ದೇಶದ 1998ರ ಮಾಹಿತಿ ರಕ್ಷಣಾ ಕಾಯಿದೆ ಅವರಿಗೂ ಒದಗಿ ಬಂತು. ಹತ್ತು ಪೌಂಡ್ ಶುಲ್ಕ ಕಟ್ಟಿ ಅರ್ಜಿ ಹಾಕಿದರು. 2017ರ ಮಾರ್ಚ್‌ನಲ್ಲಿ ಅವರಿಗೆ ಬಂದದ್ದು ಒಂದು ಎಕ್ಸೆಲ್ ಹಾಳೆ. ಮತದಾರರ ಪಟ್ಟಿಯಲ್ಲಿ ಇರುವಂಥ ವಿವರಗಳು, ಮತ ಹಾಕಿದ ಚುನಾವಣೆಗಳ ದಾಖಲೆ ಅದರಲ್ಲಿದ್ದವು. ಇನ್ನೊಂದು ಬಗೆಯ ಸಾಲುಗಳೂ ಇದ್ದವು. ಬಂದೂಕಿನ ಹಕ್ಕಿನಂಥ ವಿಷಯಗಳು ಈ ಮನುಷ್ಯನಿಗೆ ಎಷ್ಟು ಮುಖ್ಯ ಎಂದು ಹಾಕಿದ ಅಂಕಗಳು, ಇವನು ಯಾವ ಪಕ್ಷದ ಕಡೆ ವಾಲಬಹುದು ಎಂಬ ಅಂದಾಜು. ಈ ಅಂಕಗಳನ್ನು ಕ್ಯಾರೊಲ್ ಯಾರಿಗೂ ಕೊಟ್ಟವರಲ್ಲ. ಏನನ್ನು ನೋಡಿ ಹಾಕಿದರು, ಯಾರಿಂದ ಕೊಂಡರು, ಯಾರಿಗೆ ದಾಟಿಸಿದರು ಎಂಬುದಕ್ಕೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಅಮೆರಿಕದ ಒಬ್ಬೊಬ್ಬ ಮತದಾರನ ಬಗ್ಗೆ 5,000 ಅಂಶಗಳು ತಮ್ಮಲ್ಲಿವೆ ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ ಸಂಸ್ಥೆ ಅದು.

ಅವರು ಬಿಡಲಿಲ್ಲ. ಲಂಡನ್ನಿನ ವಕೀಲ ರವಿ ನಾಯಕ್ ಅವರ ನೆರವಿನಿಂದ ಮುಂದುವರಿದರು. ಪೂರ್ತಿ ಮಾಹಿತಿ ಕೊಡಬೇಕೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2018ರಲ್ಲಿ ಆದೇಶ ಹೊರಡಿಸಿತು. ಸಂಸ್ಥೆ ಪಾಲಿಸಲಿಲ್ಲ. ಅಷ್ಟರಲ್ಲಿ ಫೇಸ್‌ಬುಕ್ ಬಳಕೆದಾರರ ಮಾಹಿತಿಯ ಹಗರಣ ಹೊರಬಿದ್ದು ಅದು ಬಾಗಿಲು ಹಾಕಿತ್ತು. 2019ರ ಜನವರಿಯಲ್ಲಿ ಲಂಡನ್ನಿನ ಹೆಂಡನ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಎಸ್‌ಸಿಎಲ್ ಎಲೆಕ್ಷನ್ಸ್ ತಪ್ಪೊಪ್ಪಿಕೊಂಡು 15,000 ಪೌಂಡ್ ದಂಡ ತೆತ್ತಿತು. ಕೇಳಿದವರದ್ದು ನ್ಯಾಯವಾದ ಬೇಡಿಕೆ ಎಂದು ಕಾನೂನು ಒಪ್ಪಿತು. ಕೊಡದವರಿಗೆ ಶಿಕ್ಷೆಯೂ ಆಯಿತು. ಕೇಳಿದ್ದು ಮಾತ್ರ ಸಿಗಲಿಲ್ಲ.

ಸಂಶಯ

ಇಲ್ಲಿ ಕ್ಯಾರೊಲ್ ಕಳೆದುಕೊಂಡದ್ದಾದರೂ ಏನು? ಅವರ ಗುಟ್ಟೊಂದೂ ಬಯಲಾಗಲಿಲ್ಲ. ಕಿಸೆಯಿಂದ ಹಣ ಹೋಗಲಿಲ್ಲ. ಅವರ ಮತವೇನೂ ಬದಲಾದಂತಿಲ್ಲ. ಹಾಗಿದ್ದರೆ ಖಾಸಗಿತನ ಹೋಯಿತು ಎನ್ನುವುದಕ್ಕೆ ಅರ್ಥವಿದೆಯೇ? ಇದ್ದರೆ, ಅದು ಒಬ್ಬ ವ್ಯಕ್ತಿ ಒಪ್ಪಿಗೆ ಕೊಟ್ಟರೆ ಸರಿಹೋಗುವ, ಕೊಡದಿದ್ದರೆ ತಪ್ಪಾಗುವ ಅವನೊಬ್ಬನ ವ್ಯವಹಾರವೇ? ಅಥವಾ ಒಬ್ಬೊಬ್ಬರ ಒಪ್ಪಿಗೆಗೆ ನಿಲುಕದ ಬೇರೆ ಬಗೆಯ ವಸ್ತುವೇ?

ಪೂರ್ವಪಕ್ಷ

ಮೊದಲ ಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಇಡುತ್ತೇನೆ, ಏಕೆಂದರೆ ಕಂಪನಿಗಳೂ ಕಾನೂನುಗಳೂ ಬಹುಪಾಲು ಇದರ ಮೇಲೆಯೇ ನಿಂತಿವೆ. ಮಾಹಿತಿ ಎಂಬುದು ಆಸ್ತಿ. ನನ್ನ ಹೊಲದಂತೆ ನನ್ನ ಮಾಹಿತಿಯೂ ನನ್ನದು. ಮಾರಬಹುದು, ಗೇಣಿಗೆ ಕೊಡಬಹುದು, ಪುಕ್ಕಟೆಯಾಗಿಯೂ ಕೊಡಬಹುದು. ಆ್ಯಪ್ ಹಾಕಿಕೊಳ್ಳುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದವನು ಬಲ್ಲವನು, ವಯಸ್ಕ. ಓದದೆ ಒತ್ತಿದರೆ ಅದು ಅವನ ಹೊಣೆ. ತಪ್ಪು ನಡೆಯುವುದು ಒಪ್ಪಿಗೆ ಇಲ್ಲದೆ ತೆಗೆದುಕೊಂಡಾಗ ಮಾತ್ರ. ಕೈಸರ್ ಹಗರಣದ ನಂತರ ಆರಂಭಿಸಿದ ಅಭಿಯಾನದ ಹೆಸರೇ ‘ಓನ್ ಯುವರ್ ಡೇಟಾ’. ಮಾಹಿತಿಯನ್ನು ಆಸ್ತಿಯಾಗಿ ಕಾಣುವ ಈ ದೃಷ್ಟಿಯನ್ನು ಕಂಪನಿಗಳಷ್ಟೇ ಅಲ್ಲ, ಅವುಗಳ ವಿರುದ್ಧ ನಿಂತವರೂ ಹಿಡಿದಿದ್ದಾರೆ. ಚಿತ್ರವೂ ಈ ಕಡೆಗೇ ವಾಲುತ್ತದೆ. ಬೀದಿಯಲ್ಲಿ ನಡೆಯುವ ಜನರ ಮೈಯಿಂದ, ಫೋನಿನಿಂದ ಬೆಳಕಿನ ಸಣ್ಣ ಚೌಕಗಳು ಕಳಚಿಕೊಂಡು ಗಾಳಿಗೆ ಹಾರುವ ದೃಶ್ಯ ಮತ್ತೆ ಮತ್ತೆ ಬರುತ್ತದೆ. ನೋಡಲು ಬಹಳ ಚೆನ್ನಾಗಿದೆ. ಆದರೆ ಒಂದೊಂದು ಚೌಕವೂ ಒಂದೊಂದು ಮೈಯದ್ದು ಎಂದು ಅದು ಹೇಳುತ್ತದೆ. ಈ ಚಿತ್ರದ ದೊಡ್ಡ ತಪ್ಪು ಇದೇ ಎಂದು ನನಗನಿಸುತ್ತದೆ, ಏಕೆಂದರೆ ಹಗರಣದ ಅಂಕಿಸಂಖ್ಯೆಗಳೇ ಬೇರೆ ಮಾತು ಹೇಳುತ್ತವೆ.

ಸಿದ್ಧಾಂತ

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸಾಂಡರ್ ಕೋಗನ್ ಎಂಬ ಮನೋವಿಜ್ಞಾನಿ ಫೇಸ್‌ಬುಕ್‌ನಲ್ಲಿ ಕೇಂಬ್ರಿಜ್ ಅನಲಿಟಿಕಾಗೆ ಮಾಹಿತಿ ಒದಗಿಸಿದ ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಬಿಟ್ಟರು. ಅದನ್ನು ಹಾಕಿಕೊಂಡು ಪ್ರಶ್ನೆಗಳಿಗೆ ಉತ್ತರಿಸಿದವರು ಸುಮಾರು 2,70,000 ಜನ. ಆಗ ಫೇಸ್‌ಬುಕ್‌ನ ನಿಯಮ ಹೇಗಿತ್ತೆಂದರೆ, ಒಬ್ಬ ಬಳಕೆದಾರ ಆ್ಯಪ್‌ಗೆ ಅನುಮತಿ ಕೊಟ್ಟರೆ ಅವನ ಗೆಳೆಯರ ಪಟ್ಟಿಯಲ್ಲಿದ್ದವರ ವಿವರವನ್ನೂ ಆ್ಯಪ್ ಎಳೆದುಕೊಳ್ಳಬಹುದಿತ್ತು. ಹೀಗೆ ಬಲೆಗೆ ಬಿದ್ದಿರಬಹುದಾದವರು 8.7 ಕೋಟಿಯವರೆಗೆ ಎಂದು 2018ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ಕೇ ಹೇಳಿತು. ಭಾರತದ ಲೆಕ್ಕವನ್ನೂ ಕೊಟ್ಟಿತು. ಇಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5,62,455.

ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ನನ್ನ ವಾದ ಪೂರ್ತಿಯಾಗಿ ಇದೆ. 335 ಜನ ಒಪ್ಪಿದರು ಎಂದೇ ಇಟ್ಟುಕೊಳ್ಳೋಣ. ಓದಿ, ತಿಳಿದು, ಮನಸಾರೆ ಒಪ್ಪಿದರು ಎಂದೂ ಇಟ್ಟುಕೊಳ್ಳೋಣ. ಉಳಿದ ಐದೂವರೆ ಲಕ್ಷಕ್ಕೂ ಮಿಕ್ಕಿದ ಜನರನ್ನು ಯಾರೂ ಕೇಳಲೇ ಇಲ್ಲ. ಅವರು ಮಾಡಿದ್ದು ಇಷ್ಟೇ: ಆ್ಯಪ್ ಹಾಕಿಕೊಂಡ ಯಾರೋ ಒಬ್ಬರ ಗೆಳೆತನ. ನಾನು ಯಾರ ಜೊತೆ ಮಾತಾಡುತ್ತೇನೆ ಎಂಬುದು ನನ್ನ ಮಾಹಿತಿಯಾದರೆ, ಅದೇ ಹೊತ್ತಿಗೆ ಅದು ಆ ಇನ್ನೊಬ್ಬರ ಮಾಹಿತಿಯೂ ಹೌದು. ನನ್ನ ಫೋಟೊದಲ್ಲಿ ನನ್ನ ತಂಗಿ ಇದ್ದಾಳೆ. ನನ್ನ ಫೋನಿನ ಸಂಪರ್ಕ ಪಟ್ಟಿಯಲ್ಲಿ ಎಂದೂ ಸ್ಮಾರ್ಟ್‌ಫೋನ್ ಮುಟ್ಟದ ದೊಡ್ಡಮ್ಮನ ಹೆಸರೂ ನಂಬರೂ ಇವೆ. ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ನನ್ನ ಮಕ್ಕಳಿಗೆ ಮುಂದೆ ಬರಬಹುದಾದ ಕಾಯಿಲೆಯ ಸುಳಿವಿದೆ. ಇದನ್ನೆಲ್ಲ ನನ್ನದೆಂದು ಮಾರುವ ಅಧಿಕಾರ ನನಗೆ ಎಲ್ಲಿಂದ ಬರಬೇಕು?

ಅಷ್ಟೇ ಅಲ್ಲ, ಮಾಹಿತಿ ಕೊಟ್ಟ ಕೆಲವರಿಂದ ಕೊಡದ ಹಲವರನ್ನು ಊಹಿಸುವುದೇ ಈ ಉದ್ಯಮದ ಕಸುಬು. ಸಾವಿರಾರು ಜನ ಪರೀಕ್ಷೆ ಬರೆದು ತಮ್ಮ ಸ್ವಭಾವ ಹೇಳಿದರು. ಅವರು ಫೇಸ್‌ಬುಕ್‌ನಲ್ಲಿ ಏನೇನನ್ನು ಮೆಚ್ಚಿದ್ದರು ಎಂಬುದನ್ನು ಅದಕ್ಕೆ ಹೊಂದಿಸಿದರು. ಆಮೇಲೆ ಪರೀಕ್ಷೆ ಬರೆಯದವರ ಮೆಚ್ಚುಗೆಗಳನ್ನು ನೋಡಿ ಅವರ ಸ್ವಭಾವಕ್ಕೂ ಅಂಕ ಹಾಕಿದರು. ನಾನು ಬಾಯಿ ಬಿಡದಿದ್ದರೂ ನನ್ನಂಥವರು ಬಾಯಿ ಬಿಟ್ಟರೆ ಸಾಕು. ಇದೂ ಊರ ಕೆರೆಯ ಹಾಗೆಯೇ: ಅದರ ತೂಬನ್ನು ಒಬ್ಬ ರೈತ ತನ್ನ ಗದ್ದೆಗೆಂದು ರಾತ್ರಿ ಎತ್ತಿದರೆ ಅವನ ಪಾಲಿನ ನೀರಷ್ಟೇ ಹರಿಯುವುದಿಲ್ಲ, ಎಲ್ಲರ ಬೇಸಿಗೆ ಬೆಳೆಯೂ ಹೋಗುತ್ತದೆ. ಅದಕ್ಕೇ ತೂಬಿನ ಕೆಲಸವನ್ನು ಇಂತಿಂಥವರ ಇಷ್ಟಕ್ಕೆ ಬಿಡದೆ ಊರು ನೀರುಗಂಟಿಯನ್ನು ನೇಮಿಸಿಕೊಳ್ಳುತ್ತಿತ್ತು.

ಆದ್ದರಿಂದ ನನ್ನ ನಿರ್ಣಯ ಹೀಗಿದೆ. ಒಂದು, ಖಾಸಗಿತನ ಒಬ್ಬೊಬ್ಬರ ಆಸ್ತಿಯಲ್ಲ, ಅನೇಕರು ಒಟ್ಟಾಗಿ ಕಾಯಬೇಕಾದ ಸಾಮಾನ್ಯ ಹಿತ. ಒಬ್ಬೊಬ್ಬರಾಗಿ ಕೊಡುವ ಒಪ್ಪಿಗೆ ಅದನ್ನು ಕಾಯಲಾರದು. ಎರಡು, ಅದರ ನಷ್ಟ ಎಂದರೆ ಗುಟ್ಟು ಹೊರಬೀಳುವುದೇ ಆಗಬೇಕಿಲ್ಲ. ನನ್ನನ್ನು ಅರಿತವನನ್ನು ನಾನು ಅರಿಯಲಾಗದ ಸ್ಥಿತಿಯೇ ನಷ್ಟ. ಕ್ಯಾರೊಲ್ ಅವರಿಂದ ಹೋದದ್ದು ಅದು. ಅವರ ಬಗ್ಗೆ ಒಂದು ಲೆಕ್ಕದ ಪುಸ್ತಕ ಇತ್ತು. ಅದನ್ನು ಓದಬಲ್ಲವರು, ಮಾರಬಲ್ಲವರು, ಅದರ ಮೇಲೆ ತೀರ್ಮಾನ ಮಾಡಬಲ್ಲವರು ಇದ್ದರು. ಅವರೊಬ್ಬರಿಗೆ ಅದು ಮುಚ್ಚಿತ್ತು.

ಆಕ್ಷೇಪಗಳು

ನಮ್ಮ ಕಡೆಯಿಂದ ಏಳುವ ಮೊದಲ ಆಕ್ಷೇಪ ಇದು: ಖಾಸಗಿತನ ನಮ್ಮ ಪದಾರ್ಥವೇ ಅಲ್ಲ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಒಲೆ ಹತ್ತಿತು, ಯಾರ ಮಗಳ ಸಂಬಂಧ ಮುರಿಯಿತು, ಯಾರ ಸಾಲ ಎಷ್ಟು ಎಂಬುದು ಜಗಲಿಕಟ್ಟೆಗೆ ಗೊತ್ತಿತ್ತು. ಯಾವ ಊರು, ಯಾರ ಮಗ ಎಂದು ಕೇಳದೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವವರಿಲ್ಲ. ಹೀಗಿರುವಾಗ ಕಂಪನಿ ತಿಳಿದುಕೊಂಡರೆ ಹೋಗುವುದೇನು?

ಈ ಮಾತಿನಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಜಗಲಿಯ ಮೇಲೆ ಕೂತು ನನ್ನ ವಿಷಯ ಆಡುವವನ ವಿಷಯ ನನಗೂ ಗೊತ್ತಿತ್ತು. ಅವನು ಅತಿಯಾಡಿದರೆ ಎದುರಿಗೆ ನಿಂತು ಕೇಳಬಹುದಿತ್ತು. ಊರಿನ ಅರಿವು ಹತ್ತು ಬಾಯಿಗಳಲ್ಲಿ ಹಂಚಿಹೋಗಿರುತ್ತಿತ್ತು, ಕಾಲಕ್ರಮದಲ್ಲಿ ಮರೆತೂ ಹೋಗುತ್ತಿತ್ತು. ಬಸ್ಸಿನ ಸಹಪ್ರಯಾಣಿಕ ಕೇಳಿದ್ದಕ್ಕೆ ನಾನೂ ತಿರುಗಿಸಿ ಕೇಳುತ್ತಿದ್ದೆ. ಒಂದೇ ಕೈಯಲ್ಲಿ ಸೇರಿ, ಮರೆವಿಲ್ಲದೆ, ಎದುರುತ್ತರಕ್ಕೆ ಎಡೆಯಿಲ್ಲದೆ ಇರುವ ಅರಿವು ಬೇರೆ ಜಾತಿಯದು.

ಇನ್ನರ್ಧವನ್ನೂ ಹೇಳಲೇಬೇಕು. ಊರಿಗೆ ಎಲ್ಲ ಗೊತ್ತಿರುವುದು ಎಲ್ಲರಿಗೂ ಹಿತವಾಗಿರಲಿಲ್ಲ. ಬಾವಿಯ ಹತ್ತಿರ ತಡೆಯಲ್ಪಟ್ಟವನಿಗೆ ತನ್ನ ಗುರುತು ಊರಿಗೆಲ್ಲ ಗೊತ್ತಿರುವುದೇ ಸಂಕಟದ ಮೂಲ. ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಹುಡುಗಿಗೆ, ಮೆಜೆಸ್ಟಿಕ್‌ನ ಜನಸಂದಣಿಯಲ್ಲಿ ತಾನು ಯಾರ ಮಗಳೆಂದು ಯಾರಿಗೂ ತಿಳಿಯದಿರುವುದು ಬಿಡುಗಡೆಯ ಮೊದಲ ಉಸಿರು. ಅಂಬೇಡ್ಕರ್ ಹಳ್ಳಿಯನ್ನು ಕಟುವಾಗಿ ಟೀಕಿಸಿದ್ದರ ಹಿಂದೆ ಈ ಅನುಭವದ ಭಾರವೂ ಇದೆ. ನಮಗೆ ಖಾಸಗಿತನ ಬೇಕಿರಲಿಲ್ಲ ಎಂದು ಹೇಳಬಲ್ಲವರು, ತಮ್ಮ ಗುರುತು ಗೊತ್ತಾದರೂ ಏನೂ ಕೆಡದಿದ್ದವರು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಮಾಹಿತಿ ಪ್ರಕರಣ ಬಯಲಾದಾಗ ನನಗೆ ಭಯವಾದದ್ದು ಇದೇ ಕಾರಣಕ್ಕೆ. ಮತದಾರರ ಜಾಗೃತಿಗೆಂದು ಬಿಬಿಎಂಪಿಯ ಅನುಮತಿ ಪಡೆದ ಸಂಸ್ಥೆಯೊಂದರ ಕಡೆಯವರು ಬೂತ್ ಮಟ್ಟದ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆಯಂಥ ವಿವರಗಳನ್ನು ಬರೆದುಕೊಂಡರೆಂಬುದು ಆರೋಪ. ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಊರು ಬಿಟ್ಟು ಬಂದವರ ಬಾಡಿಗೆ ಮನೆಯ ಬಾಗಿಲಿಗೆ, ಊರು ಕೇಳುತ್ತಿದ್ದ ಅದೇ ಪ್ರಶ್ನೆ ಮೊಬೈಲ್ ಆ್ಯಪ್ ಹಿಡಿದು ಬಂದಿತ್ತು.

ಎರಡನೆಯ ಆಕ್ಷೇಪ: ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? ಇದಕ್ಕೆ ನಮ್ಮ ನ್ಯಾಯಾಲಯಗಳ ಇತಿಹಾಸದಲ್ಲೇ ಉತ್ತರವಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ದರೋಡೆಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟಿದ್ದರು. ಆದರೂ ಪೊಲೀಸರು ಅವರ ಮೇಲೆ ಕಣ್ಣಿಟ್ಟರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಎಬ್ಬಿಸುವುದು, ಎಲ್ಲಿಗೆ ಹೋದರೆಂದು ಬರೆದಿಡುವುದು ನಡೆಯಿತು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಮನೆಗೆ ಬರುವುದನ್ನು ರದ್ದು ಮಾಡಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಹೇಳಿ ಉಳಿದ ಕಣ್ಗಾವಲನ್ನು ಮುಂದುವರಿಯಲು ಬಿಟ್ಟಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಐವತ್ತು ವರ್ಷಗಳ ನಂತರ, 2012ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ಸರ್ಕಾರ ಹಿಡಿದ ಆಯುಧಗಳಲ್ಲಿ ಖರಕ್ ಸಿಂಗ್ ತೀರ್ಪೂ ಒಂದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಹಳೆಯ ತೀರ್ಪಿನ ಆ ಭಾಗ ಬಿದ್ದುಹೋಯಿತು.

ಖರಕ್ ಸಿಂಗ್ ಮುಚ್ಚಿಡುತ್ತಿದ್ದುದೇನೂ ಸಾಬೀತಾಗಿರಲಿಲ್ಲ. ಆದರೂ ಬಾಗಿಲು ಯಾವಾಗ ಬಡಿಯುತ್ತದೋ ಎಂದು ಕಾಯುವವನ ನಿದ್ದೆ ಬೇರೆಯವರ ನಿದ್ದೆಯಂತಿರುವುದಿಲ್ಲ. ಇನ್ನೂ ಒಂದು ವ್ಯತ್ಯಾಸ ಗಮನಿಸಬೇಕು. ಅವರಿಗೆ ಕಾನ್ಸ್‌ಟೇಬಲ್‌ನ ಮುಖ ಕಾಣುತ್ತಿತ್ತು. ಬಡಿತ ಕೇಳಿಸಿದ್ದರಿಂದಲೇ ಅವರು ಕೋರ್ಟಿಗೆ ಹೋಗಲು ಸಾಧ್ಯವಾಯಿತು. ನಮ್ಮ ಬಾಗಿಲಲ್ಲಿ ಇಂದು ಬಡಿತವಿಲ್ಲ.

ಮೂರನೆಯ ಆಕ್ಷೇಪ ಬಲ್ಲವರದು, ನಾನು ಹೆಚ್ಚು ಗೌರವಿಸುವಂಥದು. ಚಿತ್ರ ಉತ್ಪ್ರೇಕ್ಷೆ ಮಾಡಿದೆ ಎನ್ನುತ್ತಾರೆ ಅವರು. ಮನಸ್ಸಿನ ಸ್ವಭಾವ ಅಳೆದು ಜಾಹೀರಾತು ತೋರಿಸಿದರೆ ಮತ ಬದಲಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರೇ 2020ರ ಅಕ್ಟೋಬರ್‌ನಲ್ಲಿ ತನಿಖೆ ಮುಗಿಸಿ ಬರೆದ ಪತ್ರದಲ್ಲಿ, ಕೇಂಬ್ರಿಜ್ ಅನಲಿಟಿಕಾ ಬಳಸಿದ ವಿಧಾನಗಳು ಬಹುಪಾಲು ಎಲ್ಲೆಡೆ ಸಿಗುವ ಸಾಮಾನ್ಯ ತಂತ್ರಜ್ಞಾನವೇ ಎಂದರು. ಬ್ರೆಕ್ಸಿಟ್ ಜನಮತಗಣನೆಯಲ್ಲಿ ಆರಂಭದ ವಿಚಾರಣೆಗಳನ್ನು ಮೀರಿ ಅದು ಕೆಲಸ ಮಾಡಿದ್ದಕ್ಕೆ ಆಧಾರ ಸಿಗಲಿಲ್ಲವೆಂದರು. ಪರಿಣಾಮವೇ ಇಲ್ಲದಿದ್ದರೆ ಹಾನಿ ಎಲ್ಲಿ ಎಂದು ಆಕ್ಷೇಪಿಸುವವರು ಕೇಳುತ್ತಾರೆ.

ಈ ಆಕ್ಷೇಪದ ಮೊದಲರ್ಧವನ್ನು ಒಪ್ಪುತ್ತೇನೆ. ಚಿತ್ರ ಸಂಸ್ಥೆಯ ಬಡಾಯಿಯನ್ನು ಬಹಳ ಕಡೆ ಸಂಸ್ಥೆಯ ಸಾಧನೆಯಂತೆ ತೋರಿಸುತ್ತದೆ. ಟ್ರಿನಿಡಾಡ್‌ನ ಭಾಗ ನೋಡಿ. ಅಲ್ಲಿ 2010ರ ಚುನಾವಣೆಯಲ್ಲಿ ‘ಡೂ ಸೋ’ ಎಂಬ, ಕೈ ಅಡ್ಡ ಕಟ್ಟಿ ಮತದಾನ ನಿರಾಕರಿಸುವ ಯುವಕರ ಚಳವಳಿಯನ್ನು ತಾವೇ ಹಬ್ಬಿಸಿದೆವು ಎಂಬುದು ಸಂಸ್ಥೆಯ ಮಾತು. ಆಫ್ರಿಕಾ ಮೂಲದ ಯುವಕರು ಮತಗಟ್ಟೆಗೆ ಹೋಗುವುದಿಲ್ಲ, ಭಾರತ ಮೂಲದ ಯುವಕರು ಅಪ್ಪ ಅಮ್ಮ ಹೇಳಿದಂತೆ ಹೋಗಿ ಮತ ಹಾಕುತ್ತಾರೆ, ಹೀಗಾಗಿ ಭಾರತ ಮೂಲದವರ ಪಕ್ಷ ಗೆಲ್ಲುತ್ತದೆ ಎಂಬುದು ಅವರು ವಿವರಿಸಿದ ಲೆಕ್ಕ. ಇದು ಮಾರಾಟಗಾರನ ಹೇಳಿಕೆ. ಚಿತ್ರ ಅದನ್ನು ಹಾಗೆಂದು ಇನ್ನೂ ಸ್ಪಷ್ಟವಾಗಿ ಹೇಳಬೇಕಿತ್ತು. ಆದರೆ ಒಂದು ಜನಾಂಗದ ಮಕ್ಕಳನ್ನು ಮತಗಟ್ಟೆಯಿಂದ ದೂರ ಇಟ್ಟೆವು ಎಂಬುದನ್ನು ಗಿರಾಕಿಯ ಮುಂದೆ ಹೆಮ್ಮೆಯಿಂದ ಇಡಬಹುದಾದ ಮಾರುಕಟ್ಟೆಯೊಂದು ಇದೆ ಎಂಬುದು, ಆ ಹೇಳಿಕೆ ಸುಳ್ಳಾಗಿದ್ದರೂ ನಿಜ.

ಆಕ್ಷೇಪದ ಎರಡನೆಯ ಅರ್ಧ, ಅಂದರೆ ಪರಿಣಾಮ ಆಗದ ಮೇಲೆ ಹಾನಿಯೂ ಇಲ್ಲ ಎಂಬುದು, ನಿಲ್ಲುವುದಿಲ್ಲ. ರಾತ್ರಿ ಬಾಗಿಲು ಬಡಿದದ್ದರಿಂದ ದರೋಡೆಗಳು ನಿಂತವೇ ಇಲ್ಲವೇ ಎಂಬುದರ ಮೇಲೆ ಖರಕ್ ಸಿಂಗ್ ಅವರಿಗಾದ ಅನ್ಯಾಯ ಅವಲಂಬಿಸಿಲ್ಲ. ಎಲ್ಲರಿಗೂ ಸಿಗುವ ಸಾಮಾನ್ಯ ತಂತ್ರಜ್ಞಾನ ಎಂಬ ಮಾತಂತೂ ನನಗೆ ಸಮಾಧಾನ ಕೊಡುವುದಿಲ್ಲ. ಕೇಂಬ್ರಿಜ್ ಅನಲಿಟಿಕಾ ಮುಚ್ಚಿದ್ದರಿಂದ ಮುಗಿದದ್ದೇನೂ ಇಲ್ಲ, ಅದು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು ಎಂದೇ ಅದರ ಅರ್ಥ.

ಪುಕ್ಕಟೆ ಸೇವೆಗೆ ಬದಲಾಗಿ ಮಾಹಿತಿ ಕೊಡುತ್ತಿದ್ದೇವೆ, ಇದು ನ್ಯಾಯವಾದ ವಿನಿಮಯ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ವಿನಿಮಯದಲ್ಲಿ ಎರಡು ಕಡೆಯವರಿಗೂ ತಾವು ಕೊಡುವುದೇನೆಂದು ಗೊತ್ತಿರಬೇಕು. ಹತ್ತು ಪೌಂಡ್ ಕಟ್ಟಿ, ವಕೀಲರನ್ನಿಟ್ಟುಕೊಂಡು, ನ್ಯಾಯಾಲಯಗಳನ್ನು ಹತ್ತಿ ಇಳಿದ ಮೇಲೂ ಕ್ಯಾರೊಲ್ ಅವರಿಗೆ ಅದು ಗೊತ್ತಾಗಲಿಲ್ಲ. ಇನ್ನು, ನೋಡುಗರು ಗುಂಡಿ ಒತ್ತಿದ್ದನ್ನೆಲ್ಲ ದಾಖಲಿಸುವ ನೆಟ್‌ಫ್ಲಿಕ್ಸ್‌ನಲ್ಲೇ ಈ ಚಿತ್ರ ಬಂದಿದೆಯಲ್ಲ ಎಂಬುದು ನಿಜ. ಅದು ಚಿತ್ರದ ಮಾತನ್ನು ಸುಳ್ಳು ಮಾಡುವುದಿಲ್ಲ, ಮಾತಿನ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ.

ಕೊನೆಯ ಆಕ್ಷೇಪ: ಈಗ ಕಾನೂನು ಬಂದಿದೆ, ಚಿಂತೆ ಏಕೆ? ಅಮೆರಿಕದಲ್ಲಿ ಫೇಸ್‌ಬುಕ್‌ಗೆ 2019ರಲ್ಲಿ 500 ಕೋಟಿ ಡಾಲರ್ ದಂಡ ಬಿತ್ತು. ಯುರೋಪಿನಲ್ಲಿ 2018ರಿಂದ ಬಿಗಿ ನಿಯಮ ಜಾರಿಯಲ್ಲಿದೆ. ಭಾರತದಲ್ಲಿಯೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆಯಿತು. 250 ಕೋಟಿ ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಅದರಲ್ಲಿದೆ.

ದಂಡಗಳು ಖಜಾನೆಗೆ ಹೋಗುತ್ತವೆ, ಲೆಕ್ಕ ಕೇಳಿದವನ ಕೈಗೆ ಅದರಿಂದ ಕಡತ ಬರುವುದಿಲ್ಲ. ನಮ್ಮ ಕಾಯಿದೆಯಲ್ಲಿ ಸರ್ಕಾರ ತನ್ನ ಸಂಸ್ಥೆಗಳನ್ನು ಅಧಿಸೂಚನೆ ಹೊರಡಿಸಿ ಹೊರಗಿಡಬಹುದು ಎಂಬ 17ನೇ ಕಲಮಿನ ಬಗ್ಗೆ ಹಲವರು ಬರೆದಿದ್ದಾರೆ. ಅಷ್ಟು ಚರ್ಚೆಯಾಗದ 11ನೇ ಕಲಮನ್ನು ನಾನು ಮುಂದಿಡುತ್ತೇನೆ. ತನ್ನ ಮಾಹಿತಿಯ ಸಾರಾಂಶವನ್ನು, ಅದು ಯಾರ ಜೊತೆ ಹಂಚಿಕೆಯಾಗಿದೆ ಎಂಬುದನ್ನು ಕೇಳುವ ಹಕ್ಕನ್ನು ಈ ಕಲಮು ಪ್ರಜೆಗೆ ಕೊಡುತ್ತದೆ. ಯಾರನ್ನು ಕೇಳಬಹುದು? ತಾನು ಮೊದಲೇ ಒಪ್ಪಿಗೆ ಕೊಟ್ಟಿರುವ ಸಂಸ್ಥೆಯನ್ನು. ಕ್ಯಾರೊಲ್ ಕೇಂಬ್ರಿಜ್ ಅನಲಿಟಿಕಾಗೆ ಒಪ್ಪಿಗೆ ಕೊಟ್ಟಿರಲಿಲ್ಲ. 335 ಜನರ ಆಚೆಗಿರುವ ಐದೂವರೆ ಲಕ್ಷ ಭಾರತೀಯರೂ ಕೊಟ್ಟಿರಲಿಲ್ಲ. ಬ್ರಿಟನ್ನಿನ ಹಳೆಯ ಕಾನೂನು ಒಬ್ಬ ಹೊರದೇಶದವನಿಗೂ ಕೊಟ್ಟ ಪ್ರಶ್ನೆ ಕೇಳುವ ಅವಕಾಶ, ಈ ಕಲಮಿನ ಮಾತುಗಳ ಪ್ರಕಾರ, ಅವರಿಗೆ ಇಲ್ಲಿ ಸಿಗುವುದಿಲ್ಲ.

ಇದಕ್ಕೆ ಕಾನೂನು ಬಲ್ಲವರು ಮರುಮಾತು ಹೇಳಬಹುದು. ಒಪ್ಪಿಗೆಯಿಲ್ಲದೆ, ಕಾಯಿದೆ ಹೇಳಿದ ಕೆಲವು ಕಾರಣಗಳೂ ಇಲ್ಲದೆ ಮಾಹಿತಿ ಬಳಸುವುದೇ ಕಾಯಿದೆಯ ಉಲ್ಲಂಘನೆ, ಅಂಥವರ ಮೇಲೆ ಕಾಯಿದೆಯಡಿಯ ಮಂಡಳಿಗೆ ದೂರು ಕೊಡಬಹುದಲ್ಲ ಎಂದು. ದೂರು ಕೊಡಬೇಕಾದರೆ ಅವರ ಬಳಿ ನನ್ನ ಲೆಕ್ಕ ಇದೆ ಎಂದು ನನಗೆ ಮೊದಲು ತಿಳಿಯಬೇಕು. ಕ್ಯಾರೊಲ್ ಅವರಿಗೆ ಅದು ತಿಳಿದದ್ದು ದೂರಿನಿಂದಲ್ಲ, ಕೇಳಿದ್ದರಿಂದ. ಹಾಗಾಗಿ 11ನೇ ಕಲಮಿನಿಂದ ಒಪ್ಪಿಗೆಯ ಷರತ್ತನ್ನು ತೆಗೆದುಹಾಕಬೇಕು. ನನ್ನ ಬಗ್ಗೆ ಊಹಿಸಿ ಹಾಕಿದ ಅಂಕಗಳೂ ನನಗೆ ತೋರಿಸಬೇಕಾದ ಮಾಹಿತಿ ಎಂದು ಕಾಯಿದೆ ಬಿಡಿಸಿ ಹೇಳಬೇಕು. ಒಬ್ಬರ ಒಪ್ಪಿಗೆಯ ಬಲದಿಂದ ಇನ್ನೊಬ್ಬರ ವಿವರ ಎಳೆದುಕೊಳ್ಳುವುದನ್ನು, ಯಾರು ಎಷ್ಟು ಸಲ ಒಪ್ಪಿದ್ದರೂ, ನಿಷೇಧಿಸಬೇಕು.